ಖಾಲಿ ಬಾರದ ಡಬ್ಬಿ

ಬಸ್ಸಿನ ಡ್ರೈವರನ ಅಕ್ಕನಿಗೆ ಬಸ್ಸೇ ಆಗುತ್ತಿರಲಿಲ್ಲ. ಹತ್ತಿ ಕುಳಿತು ಊರಿನ ಗಡಿ ದಾಟುವ ಮೊದಲೇ ಹೊಟ್ಟೆ ತೊಳಸಿ ಕಿಟಕಿಗೆ ತಲೆ ಹಚ್ಚುತ್ತಿದ್ದಳು. ಹೀಗಾಗಿ ತಮ್ಮ ಊರೂರು ತಿರುಗಿದಷ್ಟು ಕಾಲವೂ ಅವಳು ಅಡುಗೆಮನೆಯಲ್ಲೇ ಇದ್ದು, ಅವನು ತಂದುಕೊಟ್ಟ ಪೊಟ್ಟಣಗಳಿಂದ ಊರುಗಳನ್ನು ತಿಳಿದುಕೊಂಡಳು. ಬಂದರಿನ ಊರಿನವರು ಮೀನಿಗೆ ಹುಳಿ ಸುರಿಯುತ್ತಾರೆ. ಗಿರಣಿಯ ಊರಿನವರಿಗೆ ಪುರುಸೊತ್ತಿಲ್ಲ, ಅವರ ಆಲೂಗಡ್ಡೆ ಯಾವತ್ತೂ ಅರ್ಧ ಬೆಂದಿರುತ್ತದೆ. ರೈಲು ಜಂಕ್ಷನ್ನಿನಲ್ಲಿ ಕಾಫಿ ಎಂದು ಕೊಡುವುದು ಬಣ್ಣ ಕಟ್ಟಿದ ಬಿಸಿನೀರು. ಅವಳ ಭೂಗೋಳ ಇಷ್ಟು, ಮತ್ತು ಅದು ಹೆಚ್ಚಾಗಿ ಸರಿಯಾಗಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಗೆ ಬಂದಿದ್ದಳು. ತಮ್ಮ ಮದುವೆಯ ಗೋಜಿಗೆ ಹೋದವನಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಅದರ ಕಿಟಕಿಯಿಂದ ಕಾಣುವ ಬಸ್ ಡಿಪೋದ ಗೋಡೆ. ಅವನು ಊಟಕ್ಕೆ ಕುಳಿತಾಗ ಅವಳು ಸೌಟು ಹಿಡಿದು ನಿಂತು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಏನು ಕಡಿಮೆ?"

"ಏನೂ ಇಲ್ಲ."

"ನಿನ್ನ ಕೇಳೋದೂ ಒಂದೇ, ಆ ಡಿಪೋ ಗೋಡೆ ಕೇಳೋದೂ ಒಂದೇ," ಎಂದು ಅವಳು ಇನ್ನೊಂದು ಸೌಟು ಬಡಿಸುತ್ತಿದ್ದಳು.

ಅವನನ್ನು ಸರೋವರದ ದಡದ ಊರಿನ ಮಾರ್ಗಕ್ಕೆ ಹಾಕಿದಾಗ ಈ ಕಥೆ ಆರಂಭವಾಯಿತು. ವಾರಕ್ಕೊಂದು ದಿನ ಅವನ ಪಾಳಿ; ಬೆಳಿಗ್ಗೆ ಹೊರಟ ಬಸ್ಸು ಮಧ್ಯಾಹ್ನ ಅಲ್ಲಿಗೆ ಮುಟ್ಟಿ, ಒಂದಿಷ್ಟು ಹೊತ್ತು ನಿಂತು ಹಿಂದಿರುಗುತ್ತಿತ್ತು. ನಿಲ್ದಾಣದ ಎದುರಿಗೆ, ನೀರಿಗೆ ಬೆನ್ನು ಹಾಕಿ, ಒಂದು ಸಣ್ಣ ಹೋಟೆಲು. ಅದನ್ನು ನಡೆಸುತ್ತಿದ್ದವಳು ಒಬ್ಬ ವಿಧವೆ. ಊರಿಗೆಲ್ಲ ಆಕೆ ಯಜಮಾನಿ. ಮಗ ಸರಕಿನ ದೋಣಿಯಲ್ಲಿ ದುಡಿಯುತ್ತ ತಿಂಗಳುಗಟ್ಟಲೆ ಹೊರಗಿರುತ್ತಿದ್ದ. ಸೊಸೆ ಮೇಜು ಒರೆಸುತ್ತಿದ್ದಳು, ಗಿರಾಕಿಗಳಿಗೆ ತಟ್ಟೆ ಒಯ್ಯುತ್ತಿದ್ದಳು. ಒಲೆಯ ಮುಂದೆ ಯಜಮಾನಿ ಯಾರನ್ನೂ ಬಿಡುತ್ತಿರಲಿಲ್ಲ.

ಮೊದಲ ದಿನ ಡ್ರೈವರ್ ಅಲ್ಲಿ ಕುಂಬಳಕಾಯಿಯ ಗಟ್ಟಿ ಸಾರು ಉಂಡ. ಎರಡನೆಯ ಸಲ ಹಾಕಿಸಿಕೊಂಡ. ಮನೆಗೆ ಬಂದು, ಕೇಳದೆಯೇ ಹೇಳಿದ: "ಇವತ್ತು ಊಟ ಚೆನ್ನಾಗಿತ್ತು."

ಅಕ್ಕ ಕೈಕೆಲಸ ಬಿಟ್ಟು ತಿರುಗಿದಳು. "ಚೆನ್ನಾಗಿತ್ತು ಅಂದ್ರೆ? ಉಪ್ಪಾ, ಹುಳಿಯಾ, ಖಾರಾನಾ?"

"ಬಿಸಿಯಾಗಿತ್ತು."

"ಬಿಸಿ ನಿನ್ನ ಇಂಜಿನ್ನೂ ಆಗುತ್ತೆ. ಮುಂದಿನ ಸಲ ತಗೊಂಡು ಬಾ."

ಮುಂದಿನ ಸಲ ಅವನು ಪಾತ್ರೆ ಒಯ್ಯಲು ಮರೆತ. ಯಜಮಾನಿ ತನ್ನದೇ ಒಂದು ಸ್ಟೀಲ್ ಡಬ್ಬಿಗೆ ಸಾರು ಸುರಿದು, ಕೊಂಡಿ ಬಿಗಿದು ಅವನ ಮುಂದಿಟ್ಟಳು. "ಡಬ್ಬಿ ನನ್ನ ಗಂಡನದು. ಸಾರು ನಿಮ್ಮದು, ಡಬ್ಬಿ ನನ್ನದು. ವಾಪಸ್ ಬರ್ಬೇಕು."

ಅಕ್ಕ ಮೊದಲು ಬೆರಳದ್ದಿ ನೋಡಿದಳು. ಆಮೇಲೆ ಚಮಚ ತಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತಳು.

"ಬೆಳ್ಳುಳ್ಳೀನ ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟಿದ್ದಾಳೆ. ನಿಂಬೆ ಹಿಂಡಿದ್ದು ಒಲೆಯಿಂದ ಇಳಿಸಿದ ಮೇಲೆ. ಜಾಣೆ ಕಣೋ ಇವಳು."

ಡಬ್ಬಿ ತೊಳೆದದ್ದಾಯಿತು. ಆದರೆ ಪರರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಆ ಮನೆಯಲ್ಲಿ ನಡೆದುಬಂದದ್ದಲ್ಲ. ಖಾಲಿ ಪಾತ್ರೆ ಕೊಡುವುದೆಂದರೆ ಮಾತಾಡಿಸಿದವರಿಗೆ ಉತ್ತರ ಕೊಡದೆ ಎದ್ದು ಹೋದಂತೆ ಎಂದು ಅವರ ತಾಯಿ ಹೇಳುತ್ತಿದ್ದಳು. ಅಕ್ಕ ಈರುಳ್ಳಿ ಹುರಿದು, ಬದನೆಕಾಯಿ ಬೇಯಿಸಿ, ಮೆಣಸು ಕುಟ್ಟಿ ಹಾಕಿ ಡಬ್ಬಿ ತುಂಬಿದಳು. ಯಜಮಾನಿ ಅದನ್ನು ನಿಂತಲ್ಲೇ ಉಂಡು, ಡಬ್ಬಿ ತೊಳೆದು, ಮೀನು ತುಂಬಿ ಕಳಿಸಿದಳು. ಜೊತೆಗೆ ಒಂದು ಮಾತನ್ನೂ ಕಳಿಸಿದಳು.

"ಏನಂದ್ಲು?" ಅಕ್ಕ ಕೇಳಿದಳು.

"ನಿಮ್ಮ ಅಕ್ಕನ ಈರುಳ್ಳಿಗೆ ಬಹಳ ಅವಸರ ಅಂತ."

"ಅವಸರವಂತೆ. ಅವಳ ಮೀನಿಗೆ ಹೇಳು, ಮೆಣಸು ಕಂಡ್ರೆ ಅಷ್ಟು ನಾಚ್ಕೋಬಾರದು ಅಂತ."

ಡ್ರೈವರ್ ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಯಜಮಾನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದಾಚೆಗೆ ಡಬ್ಬಿ ನಿಲ್ಲಲಿಲ್ಲ. ಹೋಗುವಾಗ ತುಂಬಿ ಹೋಗುತ್ತಿತ್ತು, ಬರುವಾಗ ತುಂಬಿ ಬರುತ್ತಿತ್ತು. ಒಬ್ಬರ ಮುಖ ಒಬ್ಬರು ಕಾಣದ ಇಬ್ಬರು ಹೆಂಗಸರು, ವರ್ಷಗಳ ಕಾಲ, ಸೀಟಿನ ಪಕ್ಕದ ಕೊಕ್ಕೆಗೆ ತೂಗುಬಿದ್ದ ಆ ಡಬ್ಬಿಯ ಮೂಲಕ ಜಗಳವಾಡಿದರು, ಹೊಗಳಿದರು, ಒಬ್ಬರಿಂದೊಬ್ಬರು ಕದ್ದರು. ಯಜಮಾನಿಗೆ ನೆಗಡಿಯಾದದ್ದು ಅಕ್ಕನಿಗೆ ಸಾರಿನ ಉಪ್ಪಿನಿಂದಲೇ ತಿಳಿಯಿತು. ಅಕ್ಕನ ಗಂಡನ ವರ್ಷದ ದಿನ ಯಜಮಾನಿಗೆ ತಿಳಿದದ್ದು ಹೇಗೋ ಗೊತ್ತಿಲ್ಲ. ಆ ದಿನ ಡಬ್ಬಿಯಲ್ಲಿ ಬೆಲ್ಲ ಹಾಕಿದ ಅನ್ನವಿತ್ತು, ಮಾತೇನೂ ಬಂದಿರಲಿಲ್ಲ.

"ಸಾರ್, ಈ ಡಬ್ಬಿಗೆ ಪಾಸ್ ಮಾಡಿಸಿಬಿಡಿ," ಎಂದು ಕಂಡಕ್ಟರ್ ರೇಗಿಸುತ್ತಿದ್ದ. "ನಮ್ಮ ಬಸ್ಸಲ್ಲಿ ಇದರಷ್ಟು ಓಡಾಡಿದ ಪ್ಯಾಸೆಂಜರ್ ಇನ್ನೊಬ್ಬರಿಲ್ಲ."

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮನಸ್ಸಿಗೆ ಆಘಾತವಾಗುವ ಸಂಗತಿ ಸದ್ಯಕ್ಕೆ ಬೇಡ ಎಂದು ವೈದ್ಯರು ಬಾಗಿಲವರೆಗೆ ಬಂದು ತಮ್ಮನಿಗೆ ಹೇಳಿದರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದವಳು ಏಳಲಿಲ್ಲ. ಅವನು ಬೇಯಿಸಿಟ್ಟ ಅನ್ನವನ್ನು ನೋಡಿ ಮುಖ ತಿರುಗಿಸಿದಳು. ಒಂದು ಬೆಳಿಗ್ಗೆ ಮಾತ್ರ, ಕಪಾಟಿನ ಮೇಲಿದ್ದ ಡಬ್ಬಿಯ ಮೇಲೆ ಕಣ್ಣು ಬಿದ್ದು, "ಪಾಪ, ಅವಳು ಏನಂದ್ಕೊಂಡಿರ್ತಾಳೆ," ಎನ್ನುತ್ತ ಗೋಡೆ ಹಿಡಿದು ಎದ್ದಳು. ನಿಲ್ಲಲಾಗದೆ ಕುರ್ಚಿಯಲ್ಲಿ ಕುಳಿತೇ ತರಕಾರಿ ಹೆಚ್ಚಿದಳು, ಡಬ್ಬಿ ತುಂಬಿದಳು.

ಅಂದು ಮಧ್ಯಾಹ್ನ ಡ್ರೈವರ್ ಆ ಡಬ್ಬಿ ಹಿಡಿದು ಇಳಿದಾಗ ಹೋಟೆಲಿನ ಬಾಗಿಲು ಮುಚ್ಚಿತ್ತು. ಯಜಮಾನಿ ಹಿಂದಿನ ದಿನ ಒಲೆಯ ಮುಂದೆಯೇ ಕುಸಿದು ತೀರಿಕೊಂಡಿದ್ದಳು.

ಅವನು ಡಬ್ಬಿಯೊಂದಿಗೆ ದಡದ ಕಲ್ಲುಬೆಂಚಿನ ಮೇಲೆ ಕುಳಿತ. ತುಂಬಿದ ಡಬ್ಬಿಯನ್ನು ಹಾಗೆಯೇ ಹಿಂದಕ್ಕೆ ಒಯ್ದರೆ ಅಕ್ಕ ಕೇಳುತ್ತಾಳೆ. ಚೆಲ್ಲಲು ಮನಸ್ಸು ಬರಲಿಲ್ಲ. ಆದ್ದರಿಂದ ತಾನೇ ತಿಂದ. ನಲ್ಲಿಯಲ್ಲಿ ಡಬ್ಬಿ ತೊಳೆದ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ.

"ಖಾಲಿ ಬಂತಲ್ಲೋ," ಎಂದಳು ಅಕ್ಕ.

"ಹೋಟೆಲ್ ರಜ. ನಿನ್ನ ಅಡುಗೆ ತಗೊಂಡು ಡಬ್ಬಿ ತೊಳೆದುಕೊಟ್ರು."

ಮುಂದಿನ ವಾರ ಹೋಟೆಲು ತೆರೆದಿತ್ತು. ಸೊಸೆ ಒಲೆಯ ಮುಂದೆ ನಿಂತಿದ್ದಳು. ಆಗಲೂ ಅವನು ಅಕ್ಕ ತುಂಬಿ ಕೊಟ್ಟದ್ದನ್ನು ಬೆಂಚಿನ ಮೇಲೆ ತಿಂದು ಮುಗಿಸಿ, ತೊಳೆದ ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಅಕ್ಕನ ಅಡುಗೆಯನ್ನು ಕೊಟ್ಟರೆ ಸೊಸೆ ಅಕ್ಕನಿಗೆ ಮಾತು ಹೇಳಿ ಕಳಿಸುತ್ತಾಳೆ, ಕಾಗದ ಬರೆದರೂ ಬರೆದಾಳು ಎಂದು ಅವನಿಗೆ ಅಂಜಿಕೆ. ಸೊಸೆ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಬೀನ್ಸ್ ತುಂಬಿ ಕೊಟ್ಟಳು.

ಆ ರಾತ್ರಿ ಅಕ್ಕ ಒಂದು ಚಮಚ ಬಾಯಿಗಿಟ್ಟು, ಚಮಚವನ್ನು ಕೆಳಗಿಟ್ಟಳು.

"ಕೈ ಬದಲಾಗಿದೆ."

"ಇಲ್ಲಪ್ಪ."

"ನನಗೆ ಹೇಳ್ಬೇಡ. ಇದು ಅವಳ ಕೈಯಲ್ಲ."

ಅವನು ನೀರು ಕುಡಿದ. "ಯಜಮಾನಿಗೆ ಕೈನೋವಂತೆ. ಸೊಸೆ ಮಾಡ್ತಿದ್ದಾಳೆ."

ಲೆಕ್ಕದಲ್ಲಿ ಮೊದಲ ಸಾಲು ತಪ್ಪಿದರೆ ಕೆಳಗಿನ ಸಾಲುಗಳನ್ನು ಎಷ್ಟು ಜಾಗ್ರತೆಯಿಂದ ಕೂಡಿದರೂ ಉತ್ತರ ಸರಿಬರುವುದಿಲ್ಲ. ಕೈನೋವು ಎಂದ ಮೇಲೆ ಅಕ್ಕ, ಚಮಚದಲ್ಲಿ ಎತ್ತಿ ತಿನ್ನುವಂಥದ್ದನ್ನು ಕಳಿಸತೊಡಗಿದಳು. ಸೊಸೆಯ ಕೈಯೇ ಮುಂದುವರಿದದ್ದಕ್ಕೆ ಅವನು ಕಾರಣ ಕೊಡಬೇಕಾಯಿತು. ನೋವು ಭುಜಕ್ಕೆ ಏರಿತು, ಆಮೇಲೆ ಯಜಮಾನಿ ಹಾಸಿಗೆ ಹಿಡಿದಳು. ಅದಕ್ಕೆ ತಕ್ಕಂತೆ ಡಬ್ಬಿಯಿಂದ ಖಾರ ಹೋಯಿತು, ಎಣ್ಣೆ ಹೋಯಿತು, ಕೊನೆಗೆ ಉಪ್ಪೂ ಇಳಿಯಿತು. ಅಕ್ಕಿ ಬೇಳೆ ಅರೆದು ಬೇಯಿಸಿದ ಗಂಜಿ, ಸೋಸಿದ ತರಕಾರಿ ನೀರು. ಹಲ್ಲು ಗಟ್ಟಿಯಿದ್ದ ಆ ಆರೋಗ್ಯವಂತ ಗಂಡಸು, ಪ್ರಯಾಣದ ಪ್ರತಿ ದಿನವೂ ಸರೋವರದ ಕಡೆ ಮುಖ ಮಾಡಿ ಕುಳಿತು, ಸತ್ತವಳ ಪಥ್ಯವನ್ನು ತಳ ಕಾಣುವವರೆಗೂ ಉಣ್ಣುತ್ತಿದ್ದ.

"ಹೇಳಿಬಿಡಿ ಸಾರ್," ಎಂದು ಕಂಡಕ್ಟರ್ ಅನೇಕ ಸಲ ಹೇಳಿದ. "ದಿನ ಹೋದಷ್ಟೂ ಕಷ್ಟ."

"ಅವಳು ಆ ಡಬ್ಬಿಗೋಸ್ಕರ ಎದ್ದಿದ್ದು ಕಣಯ್ಯ. ಡಬ್ಬಿ ನಿಂತ್ರೆ ಮತ್ತೆ ಮಲಗಿಬಿಡ್ತಾಳೆ."

ಅದು ನಿಜವಾಗಿತ್ತು. ಅಕ್ಕ ನಡೆಯತೊಡಗಿದ್ದಳು, ಸಂತೆಗೆ ಹೋಗುತ್ತಿದ್ದಳು, ಸೌಟು ಹಿಡಿದು ನಿಂತು "ಏನು ಕಡಿಮೆ?" ಎಂದು ಕೇಳುತ್ತಿದ್ದಳು. ಸೊಸೆಯ ಅಡುಗೆಯನ್ನು ಮಾತ್ರ ರುಚಿ ನೋಡಿ ಬದಿಗಿಡುತ್ತಿದ್ದಳು. "ಮೀನು ಒಡೆದುಹೋಗಿದೆ. ಕಲಿಸೋಕೆ ಅತ್ತೆಗೆ ಶಕ್ತಿ ಇಲ್ಲ ಅನ್ಸುತ್ತೆ." ಒಂದೆರಡು ಸಲ, "ಈ ಹುಡುಗಿಗೆ ಏನಾದ್ರೂ ಹೇಳಿ ಕಳಿಸ್ಲಾ?" ಎಂದು ಕೇಳಿದ್ದೂ ಉಂಟು. ಅವನು ಬೇಡವೆಂದ. ಅವಳೂ, ಅತ್ತೆ ಬದುಕಿರುವಾಗ ಅವಳ ಸೊಸೆಯ ತಪ್ಪು ಎತ್ತಿ ಆಡುವುದು ಮರ್ಯಾದೆಯಲ್ಲ ಎಂದು ಸುಮ್ಮನಾದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕ ನಿರ್ಧರಿಸಿದಳು.

"ನಾನು ಹೋಗಿ ನೋಡ್ಕೊಂಡು ಬರ್ತೀನಿ."

"ನಿನಗೆ ಬಸ್ ಆಗಲ್ಲ."

"ಆಗಲ್ಲ. ಆದ್ರೆ ಅವಳು ಹಾಸಿಗೆ ಹಿಡಿದು ಎಷ್ಟು ಕಾಲ ಆಯ್ತು? ಇಷ್ಟು ವರ್ಷ ಅವಳ ಕೈಯಲ್ಲಿ ತಿಂದು, ಕಣ್ಣು ಮುಚ್ಚೋ ಮೊದಲು ಒಂದು ಸಲ ಮುಖ ನೋಡ್ದೆ ಇರ್ಲಾ? ವಾಂತಿ ಆದ್ರೆ ಆಗ್ಲಿ."

ಅವನು ಡಾಕ್ಟರ ಹೆಸರು ಹೇಳಿದ. ಅವಳು ಅವರನ್ನೇ ಕೇಳಿ ಬಂದಳು. ಧಾರಾಳವಾಗಿ ಹೋಗಬಹುದು, ಈಗ ಎದೆ ಗಟ್ಟಿಯಾಗಿದೆ ಎಂದಿದ್ದರು. ಅವನು ಕೊಡಬಹುದಾಗಿದ್ದ ಕಾರಣಗಳೆಲ್ಲ ಅಲ್ಲಿಗೆ ಮುಗಿದವು. ಉಳಿದದ್ದು ನಿಜ ಒಂದೇ.

ಅವಳು ಅವನ ಹಿಂದಿನ ಸೀಟಿನಲ್ಲೇ ಕುಳಿತಳು. ಬಿಸಿ ಡಬ್ಬಿ ಮಡಿಲಲ್ಲಿ, ಅರ್ಧ ನಿಂಬೆಹಣ್ಣು ಮೂಗಿನ ಬಳಿ. ಆಶ್ಚರ್ಯವೆಂದರೆ ಅವಳಿಗೆ ಏನೂ ಆಗಲಿಲ್ಲ. ಕಿಟಕಿಯಾಚೆ ಸರಿಯುವ ಗಿರಣಿಯ ಚಿಮಣಿ ನೋಡಿ, "ಇವರದ್ದೇ ಅಲ್ವಾ ಅರ್ಧ ಬೆಂದ ಆಲೂಗಡ್ಡೆ," ಎಂದು ಕಂಡಕ್ಟರನಿಗೆ ಹೇಳಿದಳು.

ಅರ್ಧ ದಾರಿಯಲ್ಲಿ, ತಗಡಿನ ಮಾಡಿನ ಕಾಫಿ ಅಂಗಡಿಯೊಂದರ ಮುಂದೆ ಬಸ್ಸು ನಿಲ್ಲುತ್ತಿತ್ತು. ಇಲ್ಲಿ ಹೇಳುತ್ತೇನೆ ಎಂದು ಅವನು ಕಂಡಕ್ಟರನಿಗೆ ಮಾತು ಕೊಟ್ಟಿದ್ದ. ಅಂಗಡಿಯವನು ಆಗ ತಾನೆ ಭಟ್ಟಿಯಿಂದ ಬನ್ನು ತೆಗೆಯುತ್ತಿದ್ದ. ಅಕ್ಕ ಒಂದನ್ನು ಮುರಿದು, ಹಬೆಗೆ ಕಣ್ಣು ಕಿರಿದು ಮಾಡಿ, ಕಾಫಿಯಲ್ಲಿ ಅದ್ದಿ ತಿಂದಳು.

"ನೀನು ಇದನ್ನ ತಂದುಕೊಟ್ಟಿದ್ದೆ. ಕಲ್ಲಾಗಿತ್ತು. ಇದು ಇಷ್ಟು ಮೆತ್ತಗೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಳು. "ಇಷ್ಟು ವರ್ಷ ನಾನು ಊರುಗಳನ್ನ ತಣ್ಣಗಾದ ಮೇಲೆ ತಿಂದೆ ಕಣೋ."

"ಅಕ್ಕ, ಒಂದು ಮಾತು."

"ಹೇಳು."

ಅವಳ ತುಟಿಯ ಮೇಲೆ ಬನ್ನಿನ ಪುಡಿ ಅಂಟಿತ್ತು. ಅವಳು ಹೊರಗಿನ ಅಂಗಡಿಯೊಂದರಲ್ಲಿ ಬಿಸಿಯಾದದ್ದನ್ನು ತಿನ್ನುತ್ತಿರುವುದನ್ನು ಅವನು ಹಿಂದೆಂದೂ ನೋಡಿರಲಿಲ್ಲ.

"ಆ ಹೋಟೆಲಿನ ಮೆಟ್ಟಿಲು ಎತ್ತರ ಇದೆ. ನೋಡ್ಕೊಂಡು ಹತ್ತು," ಎಂದ.

ಕಂಡಕ್ಟರ್ ಸೀಟಿ ಊದಿ ಬಸ್ಸಿಗೆ ಹತ್ತಿದ. ಮುಂದಿನ ಅರ್ಧ ದಾರಿ ಅವನು ಡ್ರೈವರನ ಕಡೆ ನೋಡಲಿಲ್ಲ.

ಸೊಸೆ ಮೇಜು ಒರೆಸುತ್ತಿದ್ದಳು. ಮೆಟ್ಟಿಲು ಹತ್ತಿ ಬಂದ ಹೆಂಗಸನ್ನು ನೋಡಿದಳು, ಅವಳ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು, ಒದ್ದೆ ಬಟ್ಟೆಯನ್ನು ಕೆಳಗಿಟ್ಟಳು.

"ನೀವು ಡ್ರೈವರ್ ಅವರ ಅಕ್ಕ."

"ಹೌದಮ್ಮ. ಮಲಗಿದ್ದಾರಾ?"

"ಯಾರು?"

"ನಿಮ್ಮತ್ತೆ."

ಸೊಸೆ ಬಾಗಿಲಲ್ಲಿ ನಿಂತಿದ್ದ ಡ್ರೈವರನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಬಸ್ಸಿನ ಕೀಲಿಯನ್ನು ನೋಡುತ್ತಿದ್ದ.

"ಅತ್ತೆ ಹೋದ ಚಳಿಗಾಲದಲ್ಲೇ ತೀರಿಕೊಂಡ್ರಲ್ಲಮ್ಮ," ಎಂದಳು ಸೊಸೆ ಮೆಲ್ಲಗೆ. "ನಿಮಗೆ ಗೊತ್ತಲ್ವಾ? ಗೊತ್ತಾಗಿ ತಾನೇ ನೀವು ನಿಲ್ಲಿಸಿದ್ದು?"

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಾನೇನು ನಿಲ್ಲಿಸಿದೆ?"

"ಡಬ್ಬಿ. ಅತ್ತೆ ಇರೋವರೆಗೂ ತುಂಬಿ ಬರ್ತಿತ್ತು. ಅವರು ಹೋದ ಮೇಲೆ ತೊಳೆದು ಬಂತು. ಪ್ರತಿ ಸಲವೂ ತೊಳೆದೇ ಬಂತು." ಅವಳು ಒಲೆಯ ಬಳಿ ಹೋಗಿ, ಕುದಿಯುತ್ತಿದ್ದ ನೀರಿನ ಉರಿ ತಗ್ಗಿಸಿ ಬಂದಳು. "ನಾನು ತುಂಬಿ ಕಳಿಸ್ತಾನೇ ಇದ್ದೆ. ಒಂದು ಸಲ ಆದ್ರೂ, ನಿನ್ನ ಈರುಳ್ಳಿ ಹಸಿ ಇದೆ ಅಂತ ಬೈದಾದ್ರೂ ಕಳಿಸ್ತಾರೇನೋ ಅಂತ ಕಾದೆ. ಅವರ ಮಾತು ಅತ್ತೆ ಜೊತೆ ಇತ್ತು, ನನ್ನ ಜೊತೆ ಯಾಕಿರ್ಬೇಕು ಅಂತ ಆಮೇಲೆ ಅಂದ್ಕೊಂಡೆ."

ಅಕ್ಕ ತಿರುಗಿದಳು. ದನಿ ಏರಿಸಲಿಲ್ಲ.

"ಗಂಜಿ ಯಾರು ತಿಂದ್ರು?"

"ನಾನು," ಎಂದ ಡ್ರೈವರ್.

"ಎಲ್ಲಾನೂ?"

"ಎಲ್ಲಾನೂ. ಒಂದು ದಿನವೂ ಚೆಲ್ಲಲಿಲ್ಲ ಅಕ್ಕ. ಆಗ ನಿನ್ನ ಎದೆ..."

"ನನ್ನ ಎದೆ ವಿಷಯ ಬಿಡು. ಸತ್ತವಳ ಪಾಲು ತಿಂದೆ, ಅದಕ್ಕೆ ನಂಗೆ ಸಿಟ್ಟಿಲ್ಲ. ಬದುಕಿರೋಳ ಪಾಲು ತಿಂದ್ಯಲ್ಲೋ."

ಅವಳ ಕಡೆಯಿಂದ ಲೆಕ್ಕ ಮುಗಿದಿತ್ತು. ಅವನು ಮೆಟ್ಟಿಲಿಳಿದು ಬಸ್ಸಿನ ನೆರಳಲ್ಲಿ ನಿಂತ. ತೆರೆದ ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು.

"ಎತ್ತರ ಇದ್ರಾ ಅವರು?"

"ಇಲ್ಲ. ನನ್ನ ಭುಜಕ್ಕೆ ಬರೋರು. ಒಲೆ ಮುಂದೆ ಮಣೆ ಹಾಕ್ಕೊಂಡು ನಿಲ್ಲೋರು. ಅಲ್ಲೇ ಇದೆ ನೋಡಿ ಮಣೆ."

"ನಾನು ಎತ್ತರ ಅಂದ್ಕೊಂಡಿದ್ದೆ," ಎಂದಳು ಅಕ್ಕ.

ಆಮೇಲೆ ಡಬ್ಬಿಯ ಕೊಂಡಿ ಬಿಚ್ಚಿದ ಸದ್ದು, ತಟ್ಟೆಯ ಸದ್ದು.

"ಕೂತ್ಕೋ. ಇದು ತಡವಾಗಿ ಬಂದಿದೆ. ಆದ್ರೂ ತಿನ್ನು."

"ಉಪ್ಪು ಕಡಿಮೆ ಅಲ್ವಾ?" ಎಂದಳು ಸೊಸೆ ಸ್ವಲ್ಪ ಹೊತ್ತಿನ ಮೇಲೆ, ಅಂಜುತ್ತ.

"ಕಡಿಮೆ. ರೋಗಿಗೆ ಅಂತ ಮಾಡಿದ್ದು." ಅಕ್ಕನ ದನಿ ಒಡೆದಿತ್ತು, ಆದರೂ ಅವಳು ಮಾತು ನಿಲ್ಲಿಸಲಿಲ್ಲ. "ನಿನ್ನ ಮೀನು ಯಾಕೆ ಒಡೆಯುತ್ತೆ ಗೊತ್ತಾ? ಸೌಟು ಹಾಕಿ ತಿರುವ್ತೀಯ. ಮೀನು ಹಾಕಿದ ಮೇಲೆ ಸೌಟು ಮುಟ್ಟಬಾರದು, ಪಾತ್ರೆ ಹಿಡಿದು ಅಲ್ಲಾಡಿಸ್ಬೇಕು. ಬೀನ್ಸ್ ಮಾತ್ರ ಚೆನ್ನಾಗಿ ಮಾಡ್ತೀಯ. ಮೊದಲ ಸಲವೇ ಚೆನ್ನಾಗಿತ್ತು. ಹೇಳಿ ಕಳಿಸ್ಬೇಕಿತ್ತು ನಾನು."

ಈಗ ಅಳುತ್ತಿದ್ದವಳು ಸೊಸೆ.

ಹಿಂದಿರುಗುವಾಗ ಅಕ್ಕ ಡಬ್ಬಿ ಹಿಡಿದು ಕೊನೆಯ ಸೀಟಿಗೆ ಹೋಗಿ ಕುಳಿತಳು. ಊರು ದಾಟುವ ಮೊದಲೇ ಅವಳಿಗೆ ವಾಂತಿಯಾಯಿತು, ದಾರಿಯುದ್ದಕ್ಕೂ ಆಯಿತು. ಕಂಡಕ್ಟರ್ ನೀರು ಕೊಟ್ಟ, ಬೆನ್ನು ಸವರಿದ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಬಸ್ಸು ನಿಲ್ಲಿಸಲೇ ಎಂದು ಕಂಡಕ್ಟರನಿಂದ ಕೇಳಿಸಿದ್ದಕ್ಕೆ ಬೇಡವೆಂದು ಉತ್ತರ ಬಂತು. ಅರ್ಧ ದಾರಿಯ ಅಂಗಡಿಯಲ್ಲಿ ಅವಳು ಇಳಿಯಲಿಲ್ಲ.

ಅವಳು ಹಾಸಿಗೆ ಹಿಡಿಯಲಿಲ್ಲ. ಅವನು ಅಷ್ಟು ದಿನ ಹೆದರಿದ್ದು ನಡೆಯಲೇ ಇಲ್ಲ. ಮರುದಿನ ಎಂದಿನಂತೆ ಎದ್ದಳು, ಅಡುಗೆ ಮಾಡಿದಳು, ತಟ್ಟೆ ಇಟ್ಟಳು. ಅನ್ನ ಬಿಸಿಯಾಗಿತ್ತು, ಉಪ್ಪು ಹುಳಿ ಸಮನಾಗಿತ್ತು. ಬಡಿಸಿದ ಮೇಲೆ ಅವಳು ಸೌಟನ್ನು ಪಾತ್ರೆಯಲ್ಲಿಟ್ಟು ಕಿಟಕಿಯ ಬಳಿ ಹೋದಳು. ಅವನು ಕಾದ. ಕೊನೆಗೆ, ಯಾರೂ ಕೇಳದೆ ತಾನೇ ಹೇಳಿದ:

"ಏನೂ ಕಡಿಮೆ ಇಲ್ಲ."

ಅವಳು ಡಿಪೋದ ಗೋಡೆಯನ್ನು ನೋಡುತ್ತ ನಿಂತಿದ್ದಳು.

ಸರೋವರದ ಊರಿಗೆ ಹೋಗುವ ಮುಂದಿನ ದಿನ ಅವನು ಏಳುವ ಮೊದಲೇ ಒಲೆ ಹೊತ್ತಿತ್ತು. ಹುರಿದ ಈರುಳ್ಳಿಯ ವಾಸನೆ ಮನೆ ತುಂಬಿತ್ತು. ಅವನು ಹೊರಡುವಾಗ ಡಬ್ಬಿಗಾಗಿ ಮೇಜಿನ ಮೇಲೆ ನೋಡಿದ. ಅಲ್ಲಿ ಇರಲಿಲ್ಲ. ಕೇಳುವ ಧೈರ್ಯವಾಗದೆ ಡಿಪೋಗೆ ನಡೆದ.

ಬಸ್ಸು ಹತ್ತಿದಾಗ ಕಂಡಕ್ಟರ್ ಮುಂದಿನ ಸೀಟಿನಲ್ಲಿ ಕುಳಿತಿದ್ದ. ಡಬ್ಬಿ ಅವನ ಮಡಿಲಲ್ಲಿತ್ತು, ಸುತ್ತ ಒಂದು ದಪ್ಪ ಬಟ್ಟೆ ಸುತ್ತಿತ್ತು.

"ಬೆಳಿಗ್ಗೆ ಬಂದು ಕೊಟ್ಟು ಹೋದ್ರು ಸಾರ್," ಎಂದ ಅವನು, ತಲೆ ಎತ್ತದೆ. "ನಾನೇ ಆ ಹುಡುಗಿ ಕೈಗೆ ಕೊಡ್ಬೇಕಂತೆ. ನಿಮ್ಮ ಕೈಗೆ ಕೊಡ್ಬೇಡ ಅಂದ್ರು."

ಡ್ರೈವರ್ ತಲೆಯಾಡಿಸಿದ. ಸೀಟಿನ ಪಕ್ಕದ ಕೊಕ್ಕೆ ಬರಿದಾಗಿತ್ತು. ಅವನು ಬಸ್ಸನ್ನು ಮೆಲ್ಲಗೆ ಹೊರತೆಗೆದ. ಡಿಪೋ ಬಾಗಿಲ ಮುಂದಿನ ಗುಂಡಿಯ ಬಳಿ ವೇಗ ಇನ್ನೂ ತಗ್ಗಿಸಿ, ಒಂದೊಂದೇ ಚಕ್ರ ಇಳಿಸಿ ಏರಿಸಿದ, ಡಬ್ಬಿಯಲ್ಲಿದ್ದದ್ದು ತುಳುಕದ ಹಾಗೆ.